ಸಾಲು ನಕಲು ಮಾಡಿದ್ದಾಯಿತು, ಮುಂದೇನು?

ಇಂಗ್ಲೆಂಡಿನ ಹಾವರ್ತ್ ಎಂಬ ಹಳ್ಳಿಯಲ್ಲಿ ಬ್ರಾಂಟೆ ಅಕ್ಕತಂಗಿಯರು ಬೆಳೆದ ಮನೆ ಈಗ ಮ್ಯೂಸಿಯಂ. ಎಮಿಲಿ ಬ್ರಾಂಟೆಯ ‘ವದರಿಂಗ್ ಹೈಟ್ಸ್’ ಕಾದಂಬರಿಯ ಹಸ್ತಪ್ರತಿ ಉಳಿದಿಲ್ಲ. 2018ರಲ್ಲಿ ಅವಳ ಇನ್ನೂರನೇ ಜನ್ಮವರ್ಷ. ಆ ನಿಮಿತ್ತ ಕಲಾವಿದೆ ಕ್ಲೇರ್ ಟ್ವೋಮಿ ಒಂದು ಉಪಾಯ ಹೂಡಿದರು. ಮನೆ ನೋಡಲು ಬಂದ ಸಾವಿರಾರು ಜನ ತಲಾ ಒಂದು ಸಾಲನ್ನು ಪೆನ್ಸಿಲಿನಲ್ಲಿ ನಕಲು ಮಾಡಿ, ಕಾದಂಬರಿಗೆ ಹೊಸ ಹಸ್ತಪ್ರತಿ ಸಿದ್ಧಪಡಿಸಿದರು.

ಅನುವಾದವೇ ಕಸುಬಾದ ನನಗೆ ಇದು ಹಿಡಿಸಿತು. ಕೈಯಾರೆ ಬರೆದಾಗ ವಾಕ್ಯದ ನಡಿಗೆ ತಿಳಿಯುತ್ತದೆ. ಆದರೆ ಅಷ್ಟಕ್ಕೇ ನಿಲ್ಲಬಾರದು.

ಆ ಮನೆಯ ಮಕ್ಕಳು ಮಾಡಿದ್ದೇನು? 1826ರಲ್ಲಿ ಅಪ್ಪ ತಂದ ಆಟಿಕೆ ಸಿಪಾಯಿಗಳಿಗೆ ಹೆಸರಿಟ್ಟು, ಕತೆ ಕಟ್ಟಿ, ಆ ಸಿಪಾಯಿಗಳ ಅಳತೆಗೇ ಪುಟ್ಟ ಪುಸ್ತಕಗಳನ್ನು ಹೊಲಿದರು. ಸಿಕ್ಕ ಕಾಗದದ ಚೂರುಗಳೇ ಹಾಳೆ. ಷಾರ್ಲೆಟ್ ಬರೆದ ಅಂಥದೊಂದು ಪುಸ್ತಕವನ್ನು ಬ್ರಾಂಟೆ ಸೊಸೈಟಿ 2019ರ ಪ್ಯಾರಿಸ್ ಹರಾಜಿನಲ್ಲಿ 6 ಲಕ್ಷ ಯೂರೋಗೆ ಕೂಗಿ ಪಡೆಯಿತು. ಒಳ್ಳೆಯದೇ. ಆದರೆ ಆ ಆಟವನ್ನು ಮುಂದುವರಿಸಲು ಅಷ್ಟು ದುಡ್ಡು ಬೇಕಿಲ್ಲ.

ಹಾವರ್ತ್ ಇರುವುದು ಬ್ರಾಡ್‌ಫರ್ಡ್ ಆಡಳಿತದ ವ್ಯಾಪ್ತಿಯಲ್ಲಿ. ಅಲ್ಲಿನ ಎಷ್ಟೋ ಮನೆಗಳಲ್ಲಿ ಪಂಜಾಬಿ, ಉರ್ದು, ಬಂಗಾಳಿ ಆಡುತ್ತಾರೆ. ಆ ಮಕ್ಕಳು ಮನೆಮಾತಿನಲ್ಲಿ ಪುಟ್ಟ ಪುಸ್ತಕ ಹೊಲಿದರೆ, ಬ್ರಾಂಟೆಗಳಿಗೆ ಅದಕ್ಕಿಂತ ದೊಡ್ಡ ಸ್ಮಾರಕ ಬೇಡ.

ಕನ್ನಡ ಆಡಲು ಬಂದರೂ ಬರೆಯಲು ಬಾರದ ಮಕ್ಕಳು ಹೊರನಾಡಿನ ನಮ್ಮ ಮನೆಗಳಲ್ಲೂ ಇದ್ದಾರೆ. ಕನ್ನಡ ಸಂಘಗಳು ಕಂಠಪಾಠ ಸ್ಪರ್ಧೆಯ ಜೊತೆಗೆ ಅವರಿಗೆ ಸೂಜಿ, ದಾರ, ನಾಲ್ಕು ಚೂರು ಕಾಗದವನ್ನೂ ಕೊಡಲಿ. ಕಾಗುಣಿತ ಆಮೇಲೆ ತಿದ್ದೋಣ. ಆ ವಯಸ್ಸಿನಲ್ಲಿ ಷಾರ್ಲೆಟ್ಟಳದೂ ನೆಟ್ಟಗಿರಲಿಲ್ಲ.