ರ‍್ಯಾಂಕು ಬಂತು, ಸೀಲು ಬರಲಿಲ್ಲ!

ಪಿಯುಸಿ ಫಲಿತಾಂಶ ಹೊರಬಿತ್ತೆಂದರೆ ಸಾಕು, ಜಗಳೂರು, ಚನ್ನಗಿರಿ, ಹೊನ್ನಾಳಿ ಕಡೆಯಿಂದ ದಾವಣಗೆರೆಗೆ ಬರುವ ಬೆಳಗಿನ ಬಸ್ಸುಗಳಲ್ಲಿ ಒಂದು ಬಗೆಯ ಪ್ರಯಾಣಿಕರು ತಪ್ಪದೆ ಕಾಣುತ್ತಾರೆ. ಪಕ್ಕದಲ್ಲಿ ಮಗ ಅಥವಾ ಮಗಳು, ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು, ಜೇಬಿನಲ್ಲಿ ಮಡಿಚಿದ ಜೆರಾಕ್ಸು, ಮುಖದಲ್ಲಿ ಗಾಬರಿ. 'ಎಲ್ಲಿಗ್ರೀ ಯಜಮಾನ್ರೆ ಹೊಂಟಿದ್ದು?' ಅಂತ ಯಾರಾದರೂ ಕೇಳಿದರೆ ಬರುವ ಉತ್ತರ ಒಂದೇ: 'ಹುಡುಗಿ ಸೀಟಿನ ವಿಚಾರ ಕಣ್ರೀ. ಯಾವುದೋ ಒಂದು ಕಾಗದ ಕಡಿಮೆ ಐತಂತೆ.'

ಈ 'ಯಾವುದೋ ಒಂದು ಕಾಗದ' ಏನು, ಅದು ಯಾವಾಗ ಬೇಕಿತ್ತು, ಯಾರು ಕೊಡಬೇಕಿತ್ತು ಎಂಬುದು ಆ ತಂದೆಗೆ ಯಾರೂ ಹೇಳಿರುವುದಿಲ್ಲ. ಹೇಳಬೇಕಾದವರು ಹೇಳಿದ್ದು ತಡವಾಗಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಜೂನ್ ತಿಂಗಳಲ್ಲಿ ಅಲೆದಾಟ ಶುರುವಾಗುತ್ತದೆ. ಮಕ್ಕಳು ಎರಡು ವರ್ಷ ನಿದ್ದೆಗೆಟ್ಟು ಓದಿ ಗಳಿಸಿದ್ದನ್ನು ಒಂದು ಸೀಲು, ಒಂದು ಸಹಿ ಕಿತ್ತುಕೊಂಡು ಹೋಗುವುದಾದರೆ ಅದು ಯಾವ ನ್ಯಾಯ?

ಜನವರಿಯ ಮಾತು ಮೇ ತಿಂಗಳಲ್ಲಿ

ಎಂಜಿನಿಯರಿಂಗ್, ಕೃಷಿ, ಪಶುವೈದ್ಯಕೀಯ, ಫಾರ್ಮಸಿಯಂಥ ಕೋರ್ಸುಗಳಿಗೆ 1994ರಲ್ಲಿ ಶುರುವಾದ ಸಿಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯ ದಾರಿ ಇದೆ. ಈಗ ಇದನ್ನು ನಡೆಸುವುದು ಬೆಂಗಳೂರಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ದುಡ್ಡಿದ್ದವನ ಮಗನಿಗೇ ಸೀಟು ಎಂಬ ಡೊನೇಷನ್ ಕಾಲದಲ್ಲಿ ಬಡವರ ಮಕ್ಕಳಿಗೆ ಬಾಗಿಲು ತೆರೆದದ್ದು ಈ ಸಿಇಟಿಯೇ. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಎಂಜಿನಿಯರಿಂಗ್ ಸೀಟಿನ ಲೆಕ್ಕ ಸರಳವಾಗಿಯೇ ಇದೆ. ಪಿಯುಸಿಯ ವಿಜ್ಞಾನ ವಿಷಯಗಳಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 45, ಮೀಸಲು ವರ್ಗದವರಿಗೆ ಶೇ. 40 ಅಂಕ ಬರಬೇಕು. ರ‍್ಯಾಂಕು ಕಟ್ಟುವಾಗ ಪಿಯುಸಿ ಅಂಕಕ್ಕೆ ಅರ್ಧ ತೂಕ, ಸಿಇಟಿ ಅಂಕಕ್ಕೆ ಅರ್ಧ ತೂಕ. ಇಷ್ಟನ್ನು ಹುಡುಗರು ಬಾಯಿಪಾಠ ಮಾಡಿಕೊಂಡಿರುತ್ತಾರೆ.

ಆದರೆ ಇದರ ಹಿಂದೆಯೇ ಇನ್ನೊಂದು ಪರೀಕ್ಷೆ ಇದೆ. ಅದು ಕಾಗದದ ಪರೀಕ್ಷೆ. ಅದರ ತಾರೀಖು ಪರೀಕ್ಷೆಗಿಂತ ಮೊದಲೇ ಬಂದು ಹೋಗಿರುತ್ತದೆ. 2024ರಲ್ಲೂ 2025ರಲ್ಲೂ ಸಿಇಟಿ ಅರ್ಜಿ ಶುರುವಾದದ್ದು ಜನವರಿಯಲ್ಲಿ, ಪರೀಕ್ಷೆ ನಡೆದದ್ದು ಏಪ್ರಿಲ್‌ನಲ್ಲಿ. ಜಾತಿ ಯಾವುದು, ಆದಾಯ ಎಷ್ಟು, ಹಳ್ಳಿಯಲ್ಲಿ ಓದಿದ್ದೋ ಪಟ್ಟಣದಲ್ಲೋ, ಕನ್ನಡ ಮಾಧ್ಯಮವೋ ಇಂಗ್ಲಿಷೋ, ಎಲ್ಲವನ್ನೂ ಆ ಅರ್ಜಿಯಲ್ಲೇ ತುಂಬಬೇಕು. ಜನವರಿಯಲ್ಲಿ 'ಇಲ್ಲ' ಅಂತ ಒತ್ತಿಬಿಟ್ಟರೆ ಮೇ ತಿಂಗಳಲ್ಲಿ 'ಉಂಟು' ಅಂತ ಹೇಳಿಕೊಂಡು ಓಡಾಡಬೇಕಾಗುತ್ತದೆ. ತಿದ್ದಿಕೊಳ್ಳಲು ಅವಕಾಶ ಕೊಡುವುದುಂಟು. ಆದರೆ ಅದು ಕೆಲವೇ ದಿನ. ಹೊಲದಲ್ಲಿದ್ದವನಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಆ ದಿನವೂ ಮುಗಿದಿರುತ್ತದೆ.

ಓದಿದ್ದು ಹಳ್ಳಿಯಲ್ಲೇ, ಸಾಬೀತು ಮಾಡುವವರು ಯಾರು?

ಒಂದು ಮನೆಯನ್ನು ಊಹಿಸಿಕೊಳ್ಳಿ. ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಮಳೆ ನಂಬಿದ ನಾಲ್ಕೆಕರೆ ಹೊಲ. ಮಗಳು ಒಂದರಿಂದ ಏಳರವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ, ಎಂಟರಿಂದ ಹತ್ತರವರೆಗೆ ಅತ್ತೆಯ ಮನೆಯಲ್ಲಿದ್ದುಕೊಂಡು ದಾವಣಗೆರೆ ತಾಲ್ಲೂಕಿನ ಇನ್ನೊಂದು ಹಳ್ಳಿಯ ಹೈಸ್ಕೂಲಿನಲ್ಲಿ ಓದಿದ್ದಾಳೆ. ಎಲ್ಲವೂ ಕನ್ನಡ ಮಾಧ್ಯಮ.

ಕಾನೂನಿನ ಪ್ರಕಾರ ಈ ಹುಡುಗಿಗೆ ಎರಡು ಸವಲತ್ತು ಸಲ್ಲಬೇಕು. ಒಂದರಿಂದ ಹತ್ತರವರೆಗೆ ಪೂರಾ ಹತ್ತು ವರ್ಷ ರಾಜ್ಯದ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಶೇ. 15ರ ಗ್ರಾಮೀಣ ಮೀಸಲಾತಿ. ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ಸಾಮಾನ್ಯ ಸಾಲಿನಲ್ಲಿ ಸರ್ಕಾರಿ ಕಾಲೇಜಿನ ಸೀಟು ಸಿಗದ ರ‍್ಯಾಂಕಿಗೆ ಗ್ರಾಮೀಣ ಸಾಲಿನಲ್ಲಿ ಸೀಟು ಸಿಗುವುದುಂಟು. ಅಂದರೆ ಇದು ಸಣ್ಣ ವಿಷಯವಲ್ಲ. ಖಾಸಗಿ ಕಾಲೇಜಿನ ಫೀಸಿಗೂ ಸರ್ಕಾರಿ ಕಾಲೇಜಿನ ಫೀಸಿಗೂ ಇರುವ ಅಂತರ ಆ ನಾಲ್ಕೆಕರೆ ಹೊಲ ಉಳಿಯುತ್ತದೋ ಅಡ ಬೀಳುತ್ತದೋ ಎಂಬ ಪ್ರಶ್ನೆ.

ಆದರೆ ಸವಲತ್ತು ಬೇಕೆಂದರೆ ವ್ಯಾಸಂಗ ಪ್ರಮಾಣಪತ್ರ ಬೇಕು. ಮುಖ್ಯೋಪಾಧ್ಯಾಯರ ಸಹಿ ಸಾಲದು, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ, ಸೀಲು ಬೀಳಬೇಕು. ಈ ಹುಡುಗಿಗೆ ಎರಡು ಶಾಲೆ, ಎರಡು ತಾಲ್ಲೂಕು. ಅಂದರೆ ಎರಡು ಕಚೇರಿ. ಬೇಸಿಗೆ ರಜೆಯಲ್ಲಿ ಶಾಲೆಗೆ ಬೀಗ. ಮುಖ್ಯೋಪಾಧ್ಯಾಯರು ಊರಲ್ಲಿಲ್ಲ. ಅವರು ಸಿಕ್ಕ ದಿನ ಕಚೇರಿಯಲ್ಲಿ ಸಾಹೇಬರಿಲ್ಲ. 'ನಾಳೆ ಬಾರಪ್ಪ, ಸಾಹೇಬ್ರು ಮೀಟಿಂಗ್‌ಗೆ ಹೋಗ್ಯಾರೆ' ಅನ್ನುವುದು ಸುಲಭ. ಆ 'ನಾಳೆ'ಗೆ ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜು ಅಂತ ಲೆಕ್ಕ ಹಾಕುವವರು ಯಾರು? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಶಾಲಾ ಮಕ್ಕಳ ದಾಖಲೆಯನ್ನು ಈಗ ಎಸ್‌ಎಟಿಎಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಇಡುತ್ತಾರೆ. ಪ್ರಾಧಿಕಾರವೂ ಅದನ್ನು ನೋಡುತ್ತದೆ. ದಾಖಲೆ ತಾಳೆಯಾದರೆ ಅಲೆದಾಟ ತಪ್ಪುತ್ತದೆ. ಒಳ್ಳೆಯದೇ. ಆದರೆ ಅಲ್ಲಿ ಮಾಧ್ಯಮವನ್ನೋ ಊರನ್ನೋ ತಪ್ಪಾಗಿ ತುಂಬಿದ್ದರೆ ತಪ್ಪು ಮಾಡಿದವರು ಬೇರೆ, ಅನುಭವಿಸುವವರು ಬೇರೆ.

ಇನ್ನೊಂದು ವಿಷಯ ಎಷ್ಟೋ ಪಾಲಕರಿಗೆ ಗೊತ್ತೇ ಇಲ್ಲ. ಗ್ರಾಮೀಣ ಮೀಸಲಾತಿಗೆ ಲೆಕ್ಕ ಹಿಡಿಯುವುದು ಮನೆ ಇರುವ ಊರನ್ನಲ್ಲ, ಶಾಲೆ ಇರುವ ಊರನ್ನು. ಹಳ್ಳಿಯ ಹುಡುಗ ದಿನಾ ಬಸ್ಸು ಹತ್ತಿ ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಹೈಸ್ಕೂಲಿಗೆ ಹೋಗಿದ್ದರೆ ಅವನ ಹತ್ತು ವರ್ಷದ ಲೆಕ್ಕ ಅಲ್ಲಿಗೇ ಮುರಿಯಿತು. ಇದನ್ನು ಏಳನೆಯ ಕ್ಲಾಸಿನಲ್ಲೇ ಹೇಳಬೇಕಾದವರು ಮೇಷ್ಟ್ರು.

ಹೊಲದ ಬದುವಿನ ಆ ಕಡೆ, ಈ ಕಡೆ

ದಾವಣಗೆರೆ 1997ರಲ್ಲಿ ಜಿಲ್ಲೆಯಾದಾಗ ಹರಪನಹಳ್ಳಿ ತಾಲ್ಲೂಕೂ ಜೊತೆಗಿತ್ತು. 2018ರಲ್ಲಿ ಅದು ಬಳ್ಳಾರಿಗೆ ಹೋಯಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಹರಪನಹಳ್ಳಿಯ ಮಕ್ಕಳಿಗೆ ಈಗ ಸಂವಿಧಾನದ 371(ಜೆ) ವಿಧಿಯ ಸವಲತ್ತು ಉಂಟು. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು. ಅದಕ್ಕೆ ಉಪವಿಭಾಗಾಧಿಕಾರಿಯಿಂದ ಪ್ರತ್ಯೇಕ ಪ್ರಮಾಣಪತ್ರ ಪಡೆಯಬೇಕು.

ಹರಪನಹಳ್ಳಿಯ ಜನ ಸಂತೆಗೆ, ಆಸ್ಪತ್ರೆಗೆ, ಬಟ್ಟೆ ಖರೀದಿಗೆ ಈಗಲೂ ದಾವಣಗೆರೆಗೇ ಬರುತ್ತಾರೆ. ಅರ್ಜಿಯನ್ನೂ ಇಲ್ಲಿನ ಅಂಗಡಿಗಳಲ್ಲೇ ತುಂಬಿಸುತ್ತಾರೆ. ತುಂಬುವವನು ದಾವಣಗೆರೆ ಹುಡುಗರ ಅಭ್ಯಾಸದಲ್ಲಿ ಆ ಕಾಲಂ ಬಿಟ್ಟು ಮುಂದೆ ಹೋದರೆ ಸವಲತ್ತು ಗೋತಾ. ಬದುವಿನ ಈ ಕಡೆ ಜಗಳೂರಿನವನಿಗೆ ಆ ಸವಲತ್ತೇ ಇಲ್ಲ. ಅವನಿಗೆ ಇರುವುದು ಗ್ರಾಮೀಣ ಮೀಸಲಾತಿಯೊಂದೇ ಆಸರೆ. ಆದ್ದರಿಂದಲೇ ಆ ಒಂದು ಸೀಲಿನ ಬೆಲೆ ಅವನಿಗೆ ಇನ್ನೂ ದೊಡ್ಡದು.

ಸೈಬರ್ ಅಂಗಡಿಯೇ ವಿಶ್ವವಿದ್ಯಾಲಯ!

ಈಗ ಅರ್ಜಿ ಎಂದರೆ ಕಾಗದವಲ್ಲ, ಕಂಪ್ಯೂಟರು. ಬಿಎ, ಬಿಕಾಂ, ಬಿಎಸ್‌ಸಿಗೂ 2021ರಿಂದ ಯುಯುಸಿಎಂಎಸ್ ಎಂಬ ಜಾಲದಲ್ಲೇ ನೋಂದಣಿ. ವೈದ್ಯಕೀಯಕ್ಕೆ ನೀಟ್ ಬರೆದರೆ ಮುಗಿಯಲಿಲ್ಲ, ರಾಜ್ಯದ ಸೀಟು ಬೇಕಾದರೆ ಪ್ರಾಧಿಕಾರದಲ್ಲಿ ಬೇರೆಯೇ ಹೆಸರು ಬರೆಸಬೇಕು. ಕೃಷಿ ಪದವಿಯಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಅದಕ್ಕೆ ಬೇರೆ ದಾಖಲೆ, ಬೇರೆ ಪ್ರಾಯೋಗಿಕ ಪರೀಕ್ಷೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿಗೆ 2022ರಿಂದ ಸಿಯುಇಟಿ ಎಂಬ ಮತ್ತೊಂದು ಪರೀಕ್ಷೆ.

ಇಷ್ಟೆಲ್ಲವನ್ನೂ ಹಳ್ಳಿ ಹುಡುಗನಿಗೆ ವಿವರಿಸಿ ಹೇಳುವವರು ಯಾರು? ಕಾಲೇಜೂ ಅಲ್ಲ, ಇಲಾಖೆಯೂ ಅಲ್ಲ. ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿ! ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ. ರಾತ್ರಿ ಹನ್ನೊಂದರವರೆಗೆ ಬಾಗಿಲು ತೆರೆದು, 'ಸರ್ವರ್ ಡೌನ್ ಐತೆ, ಇನ್ನೊಂದ್ ಸಲ ನೋಡೋಣ ಇರ್ರಿ' ಅಂತ ಸಮಾಧಾನ ಹೇಳಿ ಅರ್ಜಿ ದಾಟಿಸಿದ ಪುಣ್ಯಾತ್ಮರು ಬೇಕಾದಷ್ಟು ಜನ ಇದ್ದಾರೆ.

ಆದರೂ ಎರಡು ತಪ್ಪು ನಿಲ್ಲಬೇಕು. ಒಂದು, ಹುಡುಗನ ಮೊಬೈಲ್ ನಂಬರಿನ ಜಾಗದಲ್ಲಿ ಅಂಗಡಿಯ ನಂಬರು ಹಾಕುವುದು. ಪಾಸ್‌ವರ್ಡೂ ಅಂಗಡಿಯವನ ಬಳಿ, ಒಟಿಪಿಯೂ ಅಂಗಡಿಯವನಿಗೆ. ಸೀಟಿನ ಸುದ್ದಿ ಬಂದ ದಿನ ಅಂಗಡಿ ಬಾಗಿಲು ಹಾಕಿದ್ದರೆ ಹುಡುಗ ಎಲ್ಲಿಗೆ ಹೋಗಬೇಕು?

ಎರಡು, ಕಾಲೇಜುಗಳ ಪಟ್ಟಿಯನ್ನು ಮನಸ್ಸಿಗೆ ಬಂದಂತೆ ತುಂಬುವುದು. ಆಪ್ಷನ್ ಎಂಟ್ರಿ ಎಂದರೆ ಬೇಕಾದ ಕಾಲೇಜುಗಳನ್ನು ಒಂದು, ಎರಡು, ಮೂರು ಎಂದು ಇಷ್ಟದ ಕ್ರಮದಲ್ಲಿ ಬರೆಯುವುದು. ಮೇಲಿನದು ಸಿಕ್ಕಿತೆಂದರೆ ಕೆಳಗಿನದೆಲ್ಲ ಅಳಿಸಿಹೋಗುತ್ತದೆ. ದೂರದ ದುಬಾರಿ ಕಾಲೇಜನ್ನು ಮೇಲೆ ಬರೆದು, ದಾವಣಗೆರೆಯಲ್ಲೇ ಇರುವ, 1951ರಷ್ಟು ಹಿಂದೆ ಹುಟ್ಟಿದ ಯುಬಿಡಿಟಿ ಕಾಲೇಜನ್ನು ಕೆಳಗೆ ಬರೆದರೆ ಕಂಪ್ಯೂಟರಿಗೆ ಏನು ಗೊತ್ತು, ಈ ಹುಡುಗ ಮನೆಯಿಂದಲೇ ಓಡಾಡಬೇಕಿತ್ತು ಅಂತ?

ಸೀಟು ಹಂಚಿದ ಮೇಲೂ ನಾಲ್ಕು ಆಯ್ಕೆ ಇರುತ್ತವೆ. ಮೊದಲನೆಯದು, ಈ ಸೀಟು ಸಾಕು, ಸೇರುತ್ತೇನೆ. ಎರಡನೆಯದು, ಇದು ಇರಲಿ, ಇನ್ನೂ ಒಳ್ಳೆಯದು ಸಿಕ್ಕೀತೇ ನೋಡುತ್ತೇನೆ. ಮೂರನೆಯದು, ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ನಾಲ್ಕನೆಯದು, ಏನೂ ಬೇಡ, ಹೊರಟೆ. ಎರಡನೆಯದನ್ನು ಒತ್ತಬೇಕಾದ ಕಡೆ ಮೂರನೆಯದನ್ನು ಒತ್ತಿದರೆ ಕೈಯಲ್ಲಿದ್ದ ಸೀಟು ಹಾರಿಹೋಗುತ್ತದೆ. ಈ ನಾಲ್ಕು ಸಾಲನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಪ್ರತಿ ಅಂಗಡಿಯ ಗೋಡೆಗೆ ಅಂಟಿಸಲು ಎಷ್ಟು ಖರ್ಚಾದೀತು?

ದಿನಕ್ಕೆ ಇಪ್ಪತ್ತು ರೂಪಾಯಿ!

ಅಧಿಕಾರಿಗಳ ಮಾತೂ ಕೇಳಬೇಕು. 'ಎಲ್ಲಾ ಮಾಹಿತಿ ವೆಬ್‌ಸೈಟಿನಲ್ಲಿ ಇದೆ. ಸುಳ್ಳು ದಾಖಲೆ ತಂದು ಬಡವರ ಸೀಟು ಹೊಡೆಯುವವರಿದ್ದಾರೆ, ಅದಕ್ಕೇ ಸೀಲು ಬೇಕು' ಅನ್ನುತ್ತಾರೆ. ಇದು ನಿಜವೇ. ಪಟ್ಟಣದಲ್ಲಿ ಓದಿದವನು ಹಳ್ಳಿಯವನೆಂದು ಕಾಗದ ಮಾಡಿಸಿಕೊಂಡರೆ ಅನ್ಯಾಯವಾಗುವುದು ನಿಜವಾದ ಹಳ್ಳಿ ಹುಡುಗನಿಗೇ. ಸೀಲು ಬೇಡ ಎಂದು ಯಾರೂ ಹೇಳುತ್ತಿಲ್ಲ. ಸೀಲು ಹಿಡಿದ ಕೈ ಒಂದು ಸಲ ಹಳ್ಳಿಯ ಕಡೆಗೆ ಬರಲಿ ಅಷ್ಟೆ.

ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಆರ್‌ಡಿ ನಂಬರು ಅರ್ಜಿಯಲ್ಲಿ ಬೀಳಬೇಕು. ಪತ್ರ ತಂದೆಯ ಹೆಸರಿನಲ್ಲಿದ್ದರೆ ನಡೆಯದು, ಓದುವ ಮಗುವಿನ ಹೆಸರಿನಲ್ಲೇ ಇರಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರಿಗೂ ಇದಕ್ಕೂ ಒಂದಕ್ಷರ ಹೆಚ್ಚುಕಡಿಮೆಯಾದರೂ ತಕರಾರು. ಆದಾಯದ ಪತ್ರದ ಆಯುಷ್ಯ ಐದು ವರ್ಷ. ಎಂಟನೇ ಕ್ಲಾಸಿನ ಸ್ಕಾಲರ್‌ಷಿಪ್ಪಿಗೆ ಮಾಡಿಸಿದ್ದು ಸೀಟಿನ ಹೊತ್ತಿಗೆ ಸರಿಯಾಗಿ ಸತ್ತಿರುತ್ತದೆ.

ಕಾಗದ ತಡವಾದರೆ ಸಕಾಲ ಕಾಯ್ದೆ ಇದೆಯಲ್ಲ ಅನ್ನಬಹುದು. ಇದೆ, 2011ರದು. ತಡಮಾಡಿದ್ದಕ್ಕೆ ಪರಿಹಾರ ದಿನಕ್ಕೆ ಇಪ್ಪತ್ತು ರೂಪಾಯಿ, ಮೇಲೆಂದರೆ ಐನೂರು. ಸೀಟು ಕಳೆದುಕೊಂಡ ಹುಡುಗಿಗೆ ಐನೂರು ರೂಪಾಯಿ ಕೊಟ್ಟು ಕೈತೊಳೆದುಕೊಳ್ಳುವುದೇ?

ಮಾಡಬೇಕಾದ್ದು ಇಷ್ಟೇ

ಹೊಸ ಕಾಯ್ದೆ ಬೇಡ, ಹೊಸ ಕಟ್ಟಡವೂ ಬೇಡ. ಡಿಸೆಂಬರ್ ತಿಂಗಳಲ್ಲಿ, ಸಿಇಟಿ ಅರ್ಜಿಗೆ ಮೊದಲು, ಜಿಲ್ಲೆಯ ಪ್ರತಿ ಪಿಯು ಕಾಲೇಜಿನಲ್ಲಿ ಒಂದು ದಿನದ ಶಿಬಿರ ಆಗಲಿ. ನಾಡಕಚೇರಿಯವರು ಒಂದು ಮೇಜು, ಶಿಕ್ಷಣಾಧಿಕಾರಿ ಕಚೇರಿಯವರು ಒಂದು ಮೇಜು ಹಾಕಿ ಕೂರಲಿ. ಹುಡುಗರ ಹೆಸರು, ಆರ್‌ಡಿ ನಂಬರು, ಶಾಲೆಯ ದಾಖಲೆ ಎಲ್ಲವನ್ನೂ ಅಲ್ಲೇ ತಾಳೆ ನೋಡಲಿ. ತಪ್ಪಿದ್ದರೆ ತಿದ್ದಲು ಆಗ ತಿಂಗಳಾದರೂ ಸಮಯ ಇರುತ್ತದೆ. ಚುನಾವಣೆ ಬಂದಾಗ ಮೇಜು, ಕುರ್ಚಿ, ಜೀಪು ಎಲ್ಲವೂ ಹಳ್ಳಿಹಳ್ಳಿಗೆ ಬರುತ್ತವೆ. ವರ್ಷಕ್ಕೊಂದು ದಿನ ಮಕ್ಕಳಿಗಾಗಿ ಬರಲಾರವೇ?

ಕಾಲೇಜಿನವರು ಫಲಿತಾಂಶದ ಬ್ಯಾನರ್ ಕಟ್ಟುವ ಉತ್ಸಾಹದಲ್ಲಿ ಅರ್ಧದಷ್ಟನ್ನು ಅರ್ಜಿಯ ಕಡೆ ತೋರಿಸಲಿ. ಅಂಗಡಿಯವರು ರೇಟಿನ ಬೋರ್ಡು ಹಾಕಲಿ, ಹುಡುಗನ ನಂಬರನ್ನೇ ಬರೆಯಲಿ, ತುಂಬಿದ ಅರ್ಜಿಯ ಪ್ರಿಂಟು ಕೊಟ್ಟು 'ಒಂದ್ಸಲ ಓದ್ಕಳ್ರಿ' ಅನ್ನಲಿ. ಪಾಲಕರೂ ಅಷ್ಟೇ. ಮಗು ಪಿಯುಸಿಗೆ ಸೇರಿದ ದಿನವೇ ಒಂದು ಫೈಲು ಮಾಡಿಟ್ಟರೆ ಜೂನ್ ತಿಂಗಳ ಓಟ ತಪ್ಪುತ್ತದೆ.

ಮುಂದಿನ ಡಿಸೆಂಬರ್ ದೂರವಿಲ್ಲ. ಜಿಲ್ಲಾಧಿಕಾರಿಗಳು ಒಂದು ಸುತ್ತೋಲೆ ಹೊರಡಿಸಿದರೆ ಆಗುವ ಕೆಲಸ ಇದು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ? ಅಥವಾ ಬರುವ ವರ್ಷವೂ ಜಗಳೂರಿನ ಬೆಳಗಿನ ಬಸ್ಸಿನಲ್ಲಿ ಅದೇ ಫೈಲು, ಅದೇ ಗಾಬರಿ, 'ಯಾವುದೋ ಒಂದು ಕಾಗದ ಕಡಿಮೆ ಐತಂತೆ' ಎಂಬ ಅದೇ ಮಾತು ಕೇಳಬೇಕೇ?