ಸ್ವರಲಿಪಿಯ ಕಾಲಮಾನ ಮತ್ತು ಕೀರ್ತನೆಯ ಪಾಠನಿರ್ಣಯ

ಹರಿದಾಸರ ಕೀರ್ತನೆಗಳ ಛಂದಸ್ಸನ್ನು ಪರಿಶೀಲಿಸುವಾಗ ಲಘುವಿಗೆ ಒಂದು, ಗುರುವಿಗೆ ಎರಡು ಮಾತ್ರೆ ಎಂಬ ಲೆಕ್ಕವನ್ನೇ ನಾವು ಸಾಮಾನ್ಯವಾಗಿ ಅನ್ವಯಿಸುತ್ತೇವೆ. ಲೆಕ್ಕ ಹೊಂದದ ಕಡೆ ಪಾಠ ಕೆಟ್ಟಿದೆಯೆಂದು ಶಂಕಿಸುತ್ತೇವೆ. ಕೆಲವೊಮ್ಮೆ ತಿದ್ದಿಯೂ ಬಿಡುತ್ತೇವೆ. ಹಾಡಿಗೆಂದೇ ಹುಟ್ಟಿದ ರಚನೆಯಲ್ಲಿ ಅಕ್ಷರದ ಅವಧಿಯನ್ನು ತಾಳವೂ ನಿರ್ಣಯಿಸುತ್ತದೆ ಎಂಬುದನ್ನು ಮರೆತದ್ದರ ಫಲವಿದು. ಆದುದರಿಂದ ಕೀರ್ತನ ಸಾಹಿತ್ಯದ ಸಂಶೋಧಕರು ಸ್ವರಲಿಪಿಯಲ್ಲಿ ಕಾಲವನ್ನು ಓದುವ ಕ್ರಮವನ್ನು ಅರಿಯುವುದು ಅಗತ್ಯವೆಂದು ನನ್ನ ಅಭಿಪ್ರಾಯ.

ಕರ್ನಾಟಕ ಸಂಗೀತದ ಸ್ವರಲಿಪಿಯಲ್ಲಿ ಹ್ರಸ್ವ ಸ್ವರಕ್ಕೆ ಒಂದು ಕಾಲಘಟಕ, ದೀರ್ಘಕ್ಕೆ ಎರಡು. ಅಲ್ಪವಿರಾಮ ಚಿಹ್ನೆ ಒಂದು ಘಟಕದಷ್ಟು, ಅರ್ಧವಿರಾಮ ಚಿಹ್ನೆ ಎರಡು ಘಟಕದಷ್ಟು ಸ್ವರವನ್ನು ಹಿಗ್ಗಿಸುತ್ತದೆ. 1904ರಲ್ಲಿ ಸುಬ್ಬರಾಮ ದೀಕ್ಷಿತರು ತೆಲುಗು ಲಿಪಿಯಲ್ಲಿ ಪ್ರಕಟಿಸಿದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿಯೂ ಹ್ರಸ್ವ-ದೀರ್ಘಗಳ ಈ ತತ್ತ್ವವನ್ನು ಕಾಣಬಹುದು. ಛಂದಸ್ಸನ್ನು ಬಲ್ಲವರಿಗೆ ಇದು ಪರಿಚಿತವೆನಿಸುವುದು ಸಹಜ. ಆದರೆ ಈ ಸಾಮ್ಯವೇ ನಮ್ಮನ್ನು ದಾರಿ ತಪ್ಪಿಸಬಲ್ಲದು. ಹಿಂದುಸ್ತಾನಿ ಸಂಗೀತಕ್ಕಾಗಿ ಭಾತಖಂಡೆಯವರು ರೂಪಿಸಿದ ಪದ್ಧತಿಯಲ್ಲಿ ‘ಸಾ’, ‘ರೇ’ ಎಂದು ದೀರ್ಘವಾಗಿ ಬರೆದರೂ ಪ್ರತಿಯೊಂದಕ್ಕೂ ಒಂದೇ ಮಾತ್ರೆ. ವಿಸ್ತಾರವನ್ನು ಅಡ್ಡಗೆರೆ ಸೂಚಿಸುತ್ತದೆ. ಮೊದಲ ಪದ್ಧತಿಯ ‘ಸಾ ; ರೀ , ಗ’ ಎಂಬುದೂ ಎರಡನೆಯದರ ‘ಸಾ - - - ರೇ - - ಗ’ ಎಂಬುದೂ ಎಂಟು ಘಟಕಗಳೇ, ನಾಲ್ಕು-ಮೂರು-ಒಂದು ಎಂಬ ಹಂಚಿಕೆಯೂ ಒಂದೇ. ಎರಡೂ ಸಂಗೀತ ಪದ್ಧತಿಗಳು ಬಳಕೆಯಲ್ಲಿರುವ ನಮ್ಮ ನಾಡಿನಲ್ಲಿ ಒಂದರ ಕಣ್ಣಿನಿಂದ ಇನ್ನೊಂದನ್ನು ಓದಿದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಅನೇಕ ದಾಸರ ಪದಗಳ ಮೂಲ ಧಾಟಿಗಳು ಉಳಿದಿಲ್ಲ, ಇಂದಿನ ಸ್ವರಸಂಯೋಜನೆಗಳು ಈಚಿನವು ಎಂಬ ಆಕ್ಷೇಪ ಬರಬಹುದು. ಅದು ಯುಕ್ತವೇ. ಸ್ವರಲಿಪಿಯನ್ನು ಕವಿಯ ಹಸ್ತಾಕ್ಷರವೆಂದು ಯಾರೂ ಭಾವಿಸಬೇಕಾಗಿಲ್ಲ. ಆದರೆ ಪುಸ್ತಕದಲ್ಲಿ ಮಾತ್ರೆ ಕಡಿಮೆಯೆಂದು ತೋರುವ ಸಾಲು ಹಾಡಿನಲ್ಲಿ ಒಂದು ಲಘುವಿನ ವಿಸ್ತಾರದಿಂದ ತುಂಬಿಕೊಳ್ಳಬಲ್ಲದು ಎಂಬುದಕ್ಕೆ ಅದು ಸಾಕ್ಷಿ. ಅಷ್ಟರಮಟ್ಟಿಗಾದರೂ ಸಂಪಾದಕನ ಕೈಯನ್ನು ಅದು ತಡೆಯಬೇಕು.

ಕೀರ್ತನೆಗಳ ಸಂಪಾದನೆಯಲ್ಲಿ ಸ್ವರಲಿಪಿಯನ್ನು ಆಕರವಾಗಿ ಬಳಸಿದಾಗ ಅದು ಯಾವ ಪದ್ಧತಿಯದೆಂದು ಪ್ರಸ್ತಾವನೆಯಲ್ಲಿ ಸ್ಪಷ್ಟಪಡಿಸುವುದು, ಸ್ನಾತಕೋತ್ತರ ತರಗತಿಯ ಛಂದಸ್ಸಿನ ಪಾಠದೊಡನೆ ಇದರ ಪರಿಚಯವನ್ನು ಮಾಡಿಕೊಡುವುದು ಕಷ್ಟದ ಕೆಲಸಗಳೇನಲ್ಲ. ಇಲ್ಲವಾದರೆ ದೋಷವಲ್ಲದ್ದನ್ನು ತಿದ್ದುತ್ತ, ಹಾಡುವವರ ನಾಲಗೆಯ ಮೇಲೆ ಉಳಿದುಬಂದ ಪಾಠವನ್ನು ನಾವೇ ಅಚ್ಚಿನಲ್ಲಿ ಅಳಿಸಿದಂತಾಗುತ್ತದೆ.