ಗಿಟಾರ್ ಮುಟ್ಟುವ ಮೊದಲು ಐದು ನಿಮಿಷ

ನವೆಂಬರ್ ಬಂತೆಂದರೆ ಇಲ್ಲಿ ಜರ್ಮನಿಯಲ್ಲಿ ನಮ್ಮ ಮಕ್ಕಳಿಗೆ ಎರಡು ಸಂಕಟ ಒಟ್ಟಿಗೇ ಬರುತ್ತವೆ: ಒಂದು ಚಳಿ, ಇನ್ನೊಂದು ಕನ್ನಡ ಸಂಘದ ರಾಜ್ಯೋತ್ಸವ. ವರ್ಷವಿಡೀ ದಿನಕ್ಕೆ ಹದಿನೈದು ನಿಮಿಷ ಗಿಟಾರ್ ನುಡಿಸುವ ಮಗು ಆ ವಾರ ಇದ್ದಕ್ಕಿದ್ದಂತೆ ಎರಡು ಗಂಟೆ ನುಡಿಸುತ್ತದೆ. ಹೊರಗಿನಿಂದ ಬಂದು, ಕೈಗವಸು ಬಿಸಾಕಿ, ನೇರವಾಗಿ ಎಫ್ ಕಾರ್ಡ್ ಹಿಡಿಯುತ್ತದೆ. ನಿಮ್ಮ ಮನೆಯಲ್ಲೂ ಗಿಟಾರ್ ಇದ್ದರೆ ಈ ಸಲದ ಅಂಕಣ ನಿಮಗೆ. ಕೊಲ್ಲಿ ದೇಶಗಳ ಓದುಗರೇ, ನಿಮ್ಮ ಮನೆಯ ಎ.ಸಿ. ಕೋಣೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಬರೆಯುತ್ತಿದ್ದೇನೆ.

ಮೊದಲು ಒಂದು ಪ್ರಯೋಗ. ಮಗು ತನ್ನ ಎಡ ಮುಂಗೈಯನ್ನು, ಮೊಣಕೈಗಿಂತ ಸ್ವಲ್ಪ ಕೆಳಗೆ, ಬಲಗೈಯಿಂದ ಹಿಡಿದುಕೊಳ್ಳಲಿ. ಈಗ ಎಡಗೈ ಬೆರಳುಗಳನ್ನು ಒಂದೊಂದಾಗಿ ಮಡಚಲಿ. ಚರ್ಮದ ಕೆಳಗೆ ಏನೋ ಸರಿದಾಡುವುದು ಗೊತ್ತಾಗುತ್ತದೆ. ಬೆರಳನ್ನು ಮಡಚುವ ದೊಡ್ಡ ಸ್ನಾಯುಗಳು ಇರುವುದು ಬೆರಳಿನಲ್ಲಲ್ಲ, ಅಲ್ಲಿ. ಅಲ್ಲಿಂದ ಒಂಬತ್ತು ಸ್ನಾಯುರಜ್ಜುಗಳು ಮಣಿಕಟ್ಟಿನ ಇಕ್ಕಟ್ಟಾದ ಓಣಿಯೊಂದರಲ್ಲಿ ನುಸುಳಿ ಬೆರಳುಗಳಿಗೆ ಹೋಗುತ್ತವೆ. ಅದೇ ಓಣಿಯಲ್ಲಿ ಒಂದು ನರವೂ ಸಾಗುತ್ತದೆ. "ಗೊಂಬೆಯಾಟದ ದಾರದ ಹಾಗಾ ಅಮ್ಮಾ?" ಎಂದು ನನ್ನ ಮಗಳು ಕೇಳಿದಳು. ಹಾಗೆಯೇ. ಆದ್ದರಿಂದ ಲಟಲಟ ಅಂತ ಲಟಿಕೆ ಮುರಿದುಕೊಂಡರೆ ವಾರ್ಮ್‌ಅಪ್ ಆಗಲಿಲ್ಲ. ಅದು ತೋಳಿನಿಂದ ಶುರುವಾಗಬೇಕು.

ಇನ್ನು ಚಳಿಯ ವಿಷಯ. ನಾನು ವೈದ್ಯೆಯಲ್ಲ, ನನ್ನ ಪಿಎಚ್.ಡಿ. ಪಾಲಿಮರ್‌ಗಳ ಮೇಲೆ, ಆದರೆ ತಣ್ಣಗಾದ ವಸ್ತು ಹೇಗೆ ಮೊಂಡು ಹಿಡಿಯುತ್ತದೆ ಎನ್ನುವುದು ನನಗೆ ದಿನನಿತ್ಯದ ಪಾಡು. ಕೀಲುಗಳ ನಡುವಿನ ದ್ರವ ಚಳಿಗೆ ನಮ್ಮ ಕೊಬ್ಬರಿ ಎಣ್ಣೆಯಂತೆ ಹೆಪ್ಪುಗಟ್ಟುವುದಿಲ್ಲ, ಜೇನುತುಪ್ಪದಂತೆ ಮಂದವಾಗುತ್ತದೆ. ನರಗಳೂ ನಿಧಾನವಾಗುತ್ತವೆ. ಮುಂಗೈಯ ನರದಲ್ಲಿ ಸಂದೇಶ ಸೆಕೆಂಡಿಗೆ ಸುಮಾರು 50ರಿಂದ 60 ಮೀಟರ್ ಓಡುತ್ತದೆ; ಕೈಯ ಉಷ್ಣತೆ ಒಂದು ಡಿಗ್ರಿ ಇಳಿದರೆ ಆ ವೇಗದಲ್ಲಿ ಒಂದೂವರೆ–ಎರಡು ಮೀಟರ್ ಖೋತಾ. ನರಗಳ ಪರೀಕ್ಷೆ ಮಾಡುವವರು ತಣ್ಣಗಿರುವ ಕೈಯನ್ನು ಮೊದಲು ಬೆಚ್ಚಗೆ ಮಾಡಿಸುವುದು ಇದಕ್ಕೇ. "ನಿನ್ನೆ ಚೆನ್ನಾಗಿ ನುಡಿಸಿದೆಯಲ್ಲ, ಇವತ್ತೇನಾಯ್ತು?" ಎಂದು ಗದರುವ ಮುಂಚೆ ಕೈ ಮುಟ್ಟಿ ನೋಡಿ.

ನಮ್ಮ ಮನೆಯಲ್ಲಿ ಮಾಡುವುದು ಇಷ್ಟು. ಉಗುರುಬೆಚ್ಚಗಿನ ನೀರಿನಲ್ಲಿ ಒಂದು ನಿಮಿಷ ಕೈ, ಆಮೇಲೆ ಚೆನ್ನಾಗಿ ಒರೆಸಿಕೊಳ್ಳುವುದು. ಹೆಚ್ಚು ಹೊತ್ತು ನೆನೆಸಬೇಡಿ, ಬೆರಳತುದಿಯ ಚರ್ಮ ಮೆತ್ತಗಾದರೆ ತಂತಿ ಕೊರೆಯುತ್ತದೆ. ಭುಜ ತಿರುಗಿಸುವುದು, ತೋಳು ಬೀಸುವುದು, ಮುಷ್ಟಿ ಕಟ್ಟಿ ಬಿಡುವುದು. ಬೆರಳುಗಳನ್ನು ಹಿಂದಕ್ಕೆ ಜಗ್ಗಿ ಹಿಡಿದು ನಿಲ್ಲುವುದು ಮಾತ್ರ ಬೇಡ. ಬಹಳ ಹೊತ್ತು ಎಳೆದು ಹಿಡಿದ ಸ್ನಾಯು ಕೆಲ ಹೊತ್ತು ಬಲ ಕಳೆದುಕೊಳ್ಳುತ್ತದೆ.

ಆಮೇಲೆ ಗಿಟಾರ್. ಶುರು ಮಾಡಬೇಕಾದದ್ದು ಮೊದಲ ಫ್ರೆಟ್‌ನಲ್ಲಿ ಅಲ್ಲ, ಏಳನೆಯದರಲ್ಲಿ. 650 ಮಿ.ಮೀ. ತಂತಿಯ ದೊಡ್ಡ ಗಿಟಾರಿನಲ್ಲಿ ಮೊದಲ ಫ್ರೆಟ್‌ನ ಅಗಲ ಸುಮಾರು 36 ಮಿ.ಮೀ., ಏಳನೆಯದು 26 ಮಾತ್ರ. ಅಲ್ಲಿ ಬೆರಳುಗಳು ಕಷ್ಟಪಟ್ಟು ಚಾಚಬೇಕಿಲ್ಲ. ತೋರುಬೆರಳು, ನಡುಬೆರಳು, ಉಂಗುರಬೆರಳು, ಕಿರುಬೆರಳು: ಒಂದೊಂದು ಫ್ರೆಟ್‌ಗೆ ಒಂದೊಂದು ಬೆರಳು, ಸ್ವರ ಕೇಳಿಸುವಷ್ಟೇ ಒತ್ತು. ಆರು ತಂತಿ ಮುಗಿದ ಮೇಲೆ ಒಂದು ಫ್ರೆಟ್ ಕೆಳಗೆ. ಮೆಟ್ರೊನೋಮ್ 60ಕ್ಕೆ ಇಟ್ಟು ಒಂದು ಬಡಿತಕ್ಕೆ ಒಂದು ಸ್ವರ. ಸರಳೆ ವರಸೆ ಕಲಿತವರಿಗೆ ಇದನ್ನು ವಿವರಿಸಬೇಕಿಲ್ಲ: ಇದು ಒಂದನೇ ಕಾಲ. ಬಡಿತವನ್ನು ಹಾಗೇ ಬಿಟ್ಟು ಎರಡು ಸ್ವರ ನುಡಿಸಿದರೆ ಎರಡನೇ ಕಾಲ. ಮೂರನೇ ಕಾಲದ ಆಸೆ ವಾರ್ಮ್‌ಅಪ್‌ನಲ್ಲಿ ಬೇಡ.

ಗಿಟಾರ್ ಕ್ಲಾಸು ನಡೆಯುವುದು ಜರ್ಮನ್‌ನಲ್ಲಿ, ನಿಮ್ಮಲ್ಲಿ ಇಂಗ್ಲಿಷ್‌ನಲ್ಲಿ. ಈ ಐದು ನಿಮಿಷ ಮಾತ್ರ ಮನೆಯದು, ಹಾಗಾಗಿ ಕನ್ನಡದ್ದು. ನನ್ನ ಮಗಳಿಗೆ ಉಂಗುರಬೆರಳು ಎಂಬ ಪದ ಬಂದದ್ದು ಹೀಗೆ, ಚಾರ್ಟ್ ನೋಡಿ ಅಲ್ಲ. ಅದಕ್ಕಿಂತ ಮುಖ್ಯವಾದದ್ದು ನೋವಿನ ಪದಗಳು. ನಮ್ಮ ಮಕ್ಕಳಿಗೆ ಎಲ್ಲ ಭಾಷೆಯಲ್ಲೂ ನೋವು ಎಂದರೆ ಒಂದೇ ಪದ. "ನೋಯ್ತಿದೆ" ಎನ್ನುತ್ತಾರೆ, ನಾವು "ಸ್ವಲ್ಪ ತಡ್ಕೋ, ರೂಢಿಯಾಗತ್ತೆ" ಎನ್ನುತ್ತೇವೆ. ಬೆರಳತುದಿ ಉರಿಯುವುದಕ್ಕೆ ಆ ಉತ್ತರ ಸರಿ. ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾಗುತ್ತದೆ. ಆದರೆ ಜೋಮು ಹಿಡಿದರೆ? ಮುಂಗೈ ಸೆಳೆದರೆ? ಮಣಿಕಟ್ಟು ಚುಳಕ್ ಎಂದರೆ? ಅಲ್ಲಿಗೆ ನಿಲ್ಲಿಸಬೇಕು, ಹಾಡು ಎಷ್ಟೇ ಚೆನ್ನಾಗಿ ಬರುತ್ತಿರಲಿ. ಉರಿ, ಸೆಳೆತ, ಜೋಮು, ಚುಳಕು ಎಂಬ ನಾಲ್ಕು ಪದ ಗೊತ್ತಿರುವ ಮಗು ನಿಮಗೆ ಸರಿಯಾದ ಸುದ್ದಿ ಕೊಡುತ್ತದೆ. ಪ್ರತಿದಿನ ಮುಷ್ಟಿ ಬಿಡುವಾಗ ಕೇಳಿ: "ಎಲ್ಲಾದರೂ ಜೋಮು ಇದೆಯಾ? ಸೆಳೀತಿದೆಯಾ?" ಜೋಮು ಮರುದಿನವೂ ಉಳಿದರೆ, ಅಥವಾ ರಾತ್ರಿ ಎಬ್ಬಿಸಿದರೆ, ಡಾಕ್ಟರಿಗೆ ತೋರಿಸಿ.

ಇಷ್ಟೆಲ್ಲ ಮಾಡಿದರೂ ಎರಡು ಗಂಟೆಯ ದಿಢೀರ್ ಅಭ್ಯಾಸಕ್ಕೆ ವಾರ್ಮ್‌ಅಪ್ ರಕ್ಷಾಕವಚವಲ್ಲ. ಅಭ್ಯಾಸವನ್ನು ಮೂರು ವಾರ ಮೊದಲೇ ಸ್ವಲ್ಪ ಸ್ವಲ್ಪವಾಗಿ ಏರಿಸಿ, ಇಪ್ಪತ್ತು ನಿಮಿಷಕ್ಕೊಮ್ಮೆ ಗಿಟಾರ್ ಕೆಳಗಿಡಿಸಿ. ಕಾರ್ಯಕ್ರಮದ ದಿನ ಹಾಲ್‌ನ ಹಿಂದಿನ ಕಾರಿಡಾರಿನಲ್ಲಿ ಬೆಚ್ಚನೆಯ ನೀರು ಸಿಗುವುದಿಲ್ಲ. ಕೈಗವಸು, ಅದಿಲ್ಲದಿದ್ದರೆ ಕಂಕುಳಲ್ಲಿ ಕೈ. ತೀರ ಬೇಗ ಶುರು ಮಾಡಬೇಡಿ, ಮಾಡಿದ ಬಿಸಿಯೆಲ್ಲ ಆರಿಹೋಗುತ್ತದೆ. ಪಟ್ಟಿಯಲ್ಲಿ ನಾಲ್ಕು ಗಂಟೆ ಎಂದಿದ್ದರೆ ನಿಮ್ಮ ಮಗು ವೇದಿಕೆ ಹತ್ತುವುದು ಐದೂಕಾಲಿಗೆ. ಅಧ್ಯಕ್ಷರ ಭಾಷಣ ಶುರುವಾದಾಗ ಕೈಗವಸು ತೆಗೆಸಿದರೆ ಸಾಕು, ಬೇಕಾದಷ್ಟು ಸಮಯ ಇರುತ್ತದೆ.